ಪಿ.ಆರ್.ಪಿ. ಚಿಕಿತ್ಸೆಗೆ ನಮ್ಮ ನಿಧಿಯಿಂದ ಹಣ ಕೊಡಬೇಕೇ?

(ಸಂಘದ ವೈದ್ಯಕೀಯ ನೆರವು ನಿಧಿಯ ದಾನಿಗಳ ಸಭೆಯಲ್ಲಿ ನಿಧಿ ಸಮಿತಿಯ ಸದಸ್ಯರೊಬ್ಬರು ಮಾಡಿದ ಭಾಷಣದ ಪಠ್ಯ)



ಕಾರ್ಯದರ್ಶಿಗಳು ನನಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಬಿ.ಕಾಂ. ಓದಿ ಬ್ಯಾಂಕಿಗೆ ಸೇರಿದವನು, ಸೇವೆಯ ಬಹುಭಾಗ ಸಾಲ ವಿಭಾಗದಲ್ಲೇ ಕಳೆಯಿತು. ಅರ್ಜಿ ಓದುವುದು, ಎಸ್ಟಿಮೇಟ್ ನೋಡುವುದು, ಇಷ್ಟು ಹಣ ಯಾತಕ್ಕೆ ಎಂದು ಕೇಳುವುದು, ಇದೇ ನನ್ನ ಕಸುಬು. ನಿವೃತ್ತಿಯಾದ ಮೇಲೆ ನಿಧಿ ಸಮಿತಿಯಲ್ಲಿಯೂ ಅದನ್ನೇ ಮಾಡುತ್ತಿದ್ದೇನೆ. ಇಂದು ಒಂದೇ ಒಂದು ಅರ್ಜಿಯ ವಿಷಯ ನಿಮ್ಮ ಮುಂದಿಡುತ್ತೇನೆ. ಏಕೆಂದರೆ ಅದರ ಮೇಲೆ ಸಮಿತಿಯಲ್ಲಿ ಎರಡು ಸಭೆ ಚರ್ಚೆ ನಡೆಯಿತು, ಮತ್ತು ಅಂಥವೇ ಇನ್ನೂ ಅರ್ಜಿಗಳು ಬರಲಿವೆ.

ಬೀದರ್ ಕಡೆಯ ದಂಪತಿ. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ, ಹೆಸರು ಹೇಳುವುದಿಲ್ಲ. ಅವನು ಕ್ಯಾಬ್ ಓಡಿಸುತ್ತಾನೆ, ಆಕೆ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಮದುವೆಯಾಗಿ ಒಂಬತ್ತು ವರ್ಷ. ಎರಡು ಸಲ ಐ.ವಿ.ಎಫ್. ಮಾಡಿಸಿದ್ದಾರೆ. ಮೊದಲನೆಯದಕ್ಕೆ ಊರಿನ ಹೊಲದ ಮೇಲೆ ಸಾಲ, ಎರಡನೆಯದಕ್ಕೆ ಆಕೆಯ ತವರಿನ ಬಂಗಾರ. ಎರಡೂ ಸಲ ನಿಲ್ಲಲಿಲ್ಲ. ಮೂರನೆಯ ಸಲಕ್ಕೆ ಮೊದಲು ಗರ್ಭಕೋಶಕ್ಕೆ ಪಿ.ಆರ್.ಪಿ. ಮಾಡಿಸಿ ಎಂದು ಆಸ್ಪತ್ರೆಯವರು ಹೇಳಿದ್ದಾರೆ. ಎರಡು ಸಿಟ್ಟಿಂಗ್, 40,000 ರೂಪಾಯಿ. ಅದಕ್ಕೆ ನೆರವು ಬೇಕೆಂದು ಅರ್ಜಿ.

ನಮ್ಮಲ್ಲಿ ಹೃದಯ, ಕಿಡ್ನಿ, ಕ್ಯಾನ್ಸರ್ ಎಂದರೆ ಯಾರೂ ತಕರಾರು ಎತ್ತುವುದಿಲ್ಲ. ಮಕ್ಕಳಾಗುವ ಚಿಕಿತ್ಸೆ ಎಂದ ಕೂಡಲೇ ಕೆಲವರು, ಇದು ಪ್ರಾಣದ ವಿಷಯವೇ ಎಂದು ಕೇಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಒಂಬತ್ತು ವರ್ಷ ಸೀಮಂತ, ನಾಮಕರಣಗಳಿಗೆ ಹೋಗಲಾರದೆ ಬಾಗಿಲು ಹಾಕಿಕೊಂಡು ಕುಳಿತ ಹೆಣ್ಣುಮಗಳನ್ನು ನೋಡಿದವರಿಗೆ ಇದು ಕಾಯಿಲೆಯೇ ಎಂಬ ಪ್ರಶ್ನೆ ಏಳುವುದಿಲ್ಲ. ಆದ್ದರಿಂದ ಸಂತಾನ ಚಿಕಿತ್ಸೆಗೆ ನೆರವು ಕೊಡಬೇಕೇ ಬೇಡವೇ ಎಂಬುದು ನನ್ನ ವಿಷಯವಲ್ಲ. ಕೊಡಬೇಕು. ಈ ಒಂದು ಬಾಬತ್ತಿಗೆ, ಪಿ.ಆರ್.ಪಿ.ಗೆ, ಕೊಡಬೇಕೇ ಎಂಬುದು ವಿಷಯ.

ಹಾಗಾದರೆ ಪಿ.ಆರ್.ಪಿ. ಎಂದರೇನು? ಪ್ಲೇಟ್‌ಲೆಟ್ ರಿಚ್ ಪ್ಲಾಸ್ಮಾ, ಅಂದರೆ ಪ್ಲೇಟ್‌ಲೆಟ್‌ಗಳು ದಟ್ಟವಾಗಿರುವ ರಕ್ತದ ದ್ರವ. ಪ್ಲೇಟ್‌ಲೆಟ್‌ಗೆ ಕನ್ನಡ ಪುಸ್ತಕಗಳಲ್ಲಿ ಕಿರುಬಿಲ್ಲೆ ಎನ್ನುತ್ತಾರೆ. ಡೆಂಗಿ ಬಂದ ಮನೆಯವರಿಗೆಲ್ಲ ಈ ಶಬ್ದ ಬಾಯಿಪಾಠವಾಗಿರುತ್ತದೆ. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದಷ್ಟು ಇರುತ್ತವೆ. ಗಾಯವಾದರೆ ಅಲ್ಲಿಗೆ ಓಡಿಹೋಗಿ ರಕ್ತ ಹೆಪ್ಪುಗಟ್ಟಿಸುವುದು ಇವುಗಳ ಮುಖ್ಯ ಕೆಲಸ. ಅದರ ಜೊತೆಗೆ ಇವುಗಳ ಒಳಗೆ ಬೆಳವಣಿಗೆಗೆ ಪ್ರಚೋದನೆ ಕೊಡುವ ಪ್ರೋಟೀನ್‌ಗಳು ತುಂಬಿರುತ್ತವೆ. ಗಾಯ ಮಾಯುವುದರಲ್ಲಿ, ಹೊಸ ರಕ್ತನಾಳ ಮೂಡುವುದರಲ್ಲಿ ಅವುಗಳ ಪಾತ್ರ ಇದೆ.

ರೋಗಿಯದೇ ರಕ್ತವನ್ನು ತೋಳಿನಿಂದ ತೆಗೆದು, ಯಂತ್ರದಲ್ಲಿ ಗಿರ್ರನೆ ತಿರುಗಿಸುತ್ತಾರೆ. ಮಜ್ಜಿಗೆ ಕಡೆದರೆ ಬೆಣ್ಣೆ ಬೇರೆಯಾಗುವ ಹಾಗೆ, ಭಾರವಾದ ಕೆಂಪು ಕಣ ಕೆಳಗೆ, ಹಳದಿ ದ್ರವ ಮೇಲೆ. ಪ್ಲೇಟ್‌ಲೆಟ್ ದಟ್ಟವಾಗಿರುವ ಭಾಗವನ್ನು ಮಾತ್ರ ತೆಗೆದುಕೊಂಡು ಬೇಕಾದ ಕಡೆ ಚುಚ್ಚುತ್ತಾರೆ ಅಥವಾ ಹಾಕುತ್ತಾರೆ. ಮೊಣಕಾಲಿಗೆ, ಹಲ್ಲಿನ ಒಸಡಿಗೆ, ಉದುರುವ ಕೂದಲಿಗೆ ಇದನ್ನು ಬಳಸುವುದು ನಿಮಗೆ ಗೊತ್ತಿರಬಹುದು. ಹೈದರಾಬಾದಿನಲ್ಲಿ ಕೂದಲಿನ ಕ್ಲಿನಿಕ್ಕುಗಳ ಬೋರ್ಡುಗಳಲ್ಲಿ ಪಿ.ಆರ್.ಪಿ. ಅಕ್ಷರಗಳು ಎಷ್ಟು ದೊಡ್ಡದಾಗಿವೆ ಎಂದರೆ ನನ್ನ ಕನ್ನಡಕ ಇಲ್ಲದೆಯೂ ಓದಬಹುದು.

ಸಂತಾನ ಚಿಕಿತ್ಸೆಯಲ್ಲಿ ಇದರ ಬಳಕೆ ಎರಡು ಬಗೆ. ಒಂದು, ಗರ್ಭಕೋಶದ ಒಳಪದರ ತೆಳ್ಳಗಿದ್ದಾಗ. ಭ್ರೂಣ ನೆಲೆಯೂರಬೇಕಾದ ಹಾಸಿಗೆ ಅದು. ಸಾಮಾನ್ಯವಾಗಿ 7 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ತೆಳು ಎನ್ನುತ್ತಾರೆ. ಭ್ರೂಣವನ್ನು ಒಳಗಿಡುವ ಮೊದಲು ಸಣ್ಣ ನಳಿಕೆಯಿಂದ ಪಿ.ಆರ್.ಪಿ.ಯನ್ನು ಗರ್ಭಕೋಶಕ್ಕೆ ಬಿಡುತ್ತಾರೆ. 2015ರಲ್ಲಿ ಚೀನಾದ ವೈದ್ಯರು ಐದು ಮಹಿಳೆಯರಲ್ಲಿ ಹೀಗೆ ಮಾಡಿದ್ದನ್ನು ವರದಿ ಮಾಡಿದ ಮೇಲೆ ಇದು ಜಗತ್ತಿನೆಲ್ಲೆಡೆ ಹಬ್ಬಿತು. ಗಮನಿಸಿ, ಐದೇ ಜನ.

ಇನ್ನೊಂದು, ಅಂಡಾಶಯಕ್ಕೇ ಸೂಜಿಯಿಂದ ಚುಚ್ಚುವುದು. ವಯಸ್ಸಿನಿಂದಲೋ ಬೇರೆ ಕಾರಣದಿಂದಲೋ ಅಂಡಗಳ ದಾಸ್ತಾನು ಕಡಿಮೆಯಾದವರಿಗೆ, ಎ.ಎಂ.ಎಚ್. ಎಂಬ ರಕ್ತಪರೀಕ್ಷೆಯಲ್ಲಿ ಅಂಕಿ ಕೆಳಗಿರುವವರಿಗೆ, ಇದನ್ನು ಸೂಚಿಸುತ್ತಾರೆ. 2016ರಲ್ಲಿ ಗ್ರೀಸ್ ದೇಶದ ವೈದ್ಯರು ಹೆಲ್ಸಿಂಕಿಯ ಸಮ್ಮೇಳನದಲ್ಲಿ ಇದನ್ನು ಮಂಡಿಸಿದರು. ಮುಟ್ಟು ನಿಂತ ಮಹಿಳೆಯರಲ್ಲಿಯೂ ಅಂಡ ಕಾಣಿಸಿತು ಎಂದರು. ಪತ್ರಿಕೆಗಳಿಗೆ ಇನ್ನೇನು ಬೇಕು? ಅಂಡಾಶಯಕ್ಕೆ ಯೌವನ ಎಂಬ ಮಾತು ಅಂದಿನಿಂದ ಜಾಹೀರಾತಿಗೆ ಬಂತು.

ಈಗ ಮುಖ್ಯ ಪ್ರಶ್ನೆ. ಇದು ಕೆಲಸ ಮಾಡುತ್ತದೆಯೇ?

ಬ್ಯಾಂಕಿನವರಿಗೆ ಅರ್ಥವಾಗುವ ಒಂದು ಉದಾಹರಣೆ ಕೊಡುತ್ತೇನೆ. ಮಾರ್ಚ್ ತಿಂಗಳಲ್ಲಿ ಯಾವ ಶಾಖೆಯಲ್ಲಾದರೂ ಠೇವಣಿ ಏರುತ್ತದೆ. ಫೆಬ್ರವರಿಯಲ್ಲಿ ಬಂದ ಹೊಸ ಮ್ಯಾನೇಜರ್, ನಾನು ಬಂದ ಮೇಲೆ ಏರಿತು ಎಂದು ಹೇಳಿಕೊಳ್ಳಬಹುದು. ನಿಜವೋ ಸುಳ್ಳೋ ತಿಳಿಯಬೇಕಾದರೆ ಮ್ಯಾನೇಜರ್ ಬದಲಾಗದ ಪಕ್ಕದ ಶಾಖೆಯಲ್ಲಿ ಎಷ್ಟು ಏರಿತು ಎಂದು ನೋಡಬೇಕು. ಚಿಕಿತ್ಸೆಯಲ್ಲಿಯೂ ಹಾಗೆಯೇ. ಒಳಪದರದ ದಪ್ಪ ಒಂದು ತಿಂಗಳಿದ್ದಂತೆ ಇನ್ನೊಂದು ತಿಂಗಳು ಇರುವುದಿಲ್ಲ. ಅಂಡದ ದಾಸ್ತಾನು ಕಡಿಮೆ ಇದ್ದವರೂ ಯಾವ ಚಿಕಿತ್ಸೆಯೂ ಇಲ್ಲದೆ ಕೆಲವೊಮ್ಮೆ ಬಸುರಾಗುತ್ತಾರೆ. ಆದ್ದರಿಂದ ಪಿ.ಆರ್.ಪಿ. ಮಾಡಿದ ಮೇಲೆ ಆಯಿತು ಎಂಬುದರಿಂದ ಪಿ.ಆರ್.ಪಿ.ಯಿಂದ ಆಯಿತು ಎಂದು ಹೇಳಲಾಗದು. ಅರ್ಧ ಜನಕ್ಕೆ ಕೊಟ್ಟು, ಅರ್ಧ ಜನಕ್ಕೆ ಕೊಡದೆ, ಯಾರಿಗೆ ಕೊಡಬೇಕೆಂಬುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸಿ, ಕೊನೆಗೆ ಎಷ್ಟು ಮಕ್ಕಳು ಹುಟ್ಟಿದವು ಎಂದು ಎಣಿಸಬೇಕು.

ಅಂಥ ಪ್ರಯೋಗಗಳು ನಡೆದಿವೆ, ನಡೆಯುತ್ತಲೂ ಇವೆ. ಗರ್ಭಕೋಶದ ಪಿ.ಆರ್.ಪಿ. ವಿಷಯದಲ್ಲಿ ಕೆಲವು ಸಣ್ಣ ಪ್ರಯೋಗಗಳು ಲಾಭವಿದೆ ಎಂದಿವೆ. ಅಂಡಾಶಯದ ವಿಷಯದಲ್ಲಿ, ಹಿಂದಿನ ಚಿಕಿತ್ಸೆಗಳಲ್ಲಿ ಅಂಡ ಕಡಿಮೆ ಸಿಕ್ಕಿದ್ದ ಮಹಿಳೆಯರನ್ನು ಎರಡು ಗುಂಪು ಮಾಡಿ ನಡೆಸಿದ, 2024ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಚುಚ್ಚಿಸಿಕೊಂಡವರಿಗೂ ಚುಚ್ಚಿಸಿಕೊಳ್ಳದವರಿಗೂ ಸಿಕ್ಕ ಪಕ್ವ ಅಂಡಗಳ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದೇ 2024ರಲ್ಲಿ ಕೊಕ್ರೇನ್ ಸಂಸ್ಥೆಯವರು ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. ಕೊಕ್ರೇನ್ ಎಂದರೆ ವೈದ್ಯಕೀಯ ಸಂಶೋಧನೆಗಳ ಆಡಿಟರ್ ಇದ್ದ ಹಾಗೆ. ಜೀವಂತ ಮಗು ಹುಟ್ಟುವ ಸಂಭವ ಹೆಚ್ಚುತ್ತದೆಯೇ ಎಂಬುದು ಅನಿಶ್ಚಿತ, ಪ್ರಯೋಗಗಳ ಗುಣಮಟ್ಟವೇ ಸಾಲದು ಎಂಬುದು ಅವರ ಷರಾ. ಅದಕ್ಕೆ ಒಂದು ವರ್ಷ ಮೊದಲು, 2023ರಲ್ಲಿ, ಯುರೋಪಿನ ಸಂತಾನ ಚಿಕಿತ್ಸಾ ತಜ್ಞರ ಸಂಘವಾದ ಎಷ್ರೆ, ಐ.ವಿ.ಎಫ್.ಗೆ ಸೇರಿಸುವ ಇಂಥ ಹೆಚ್ಚುವರಿ ಚಿಕಿತ್ಸೆಗಳ ಪಟ್ಟಿ ಮಾಡಿ, ಪಿ.ಆರ್.ಪಿ.ಯನ್ನು ಸಾಮಾನ್ಯ ಬಳಕೆಗೆ ಶಿಫಾರಸು ಮಾಡುವುದಿಲ್ಲ ಎಂದಿತು.

ಮತ್ತೊಂದು ತೊಡಕು ಇದೆ. ಪಿ.ಆರ್.ಪಿ. ಎಂಬುದು ಗುಳಿಗೆಯ ಹಾಗೆ ಒಂದೇ ಅಳತೆಯ ವಸ್ತುವಲ್ಲ. ಎಷ್ಟು ರಕ್ತ ತೆಗೆಯಬೇಕು, ಒಂದು ಸಲ ತಿರುಗಿಸಬೇಕೇ ಎರಡು ಸಲವೇ, ಎಷ್ಟು ಪಟ್ಟು ದಟ್ಟವಾಗಬೇಕು, ಕ್ಯಾಲ್ಸಿಯಂ ಸೇರಿಸಬೇಕೇ, ಒಬ್ಬೊಬ್ಬರದು ಒಂದೊಂದು ಪದ್ಧತಿ. ಒಂದು ಕಡೆ ಗೆದ್ದದ್ದು ಇನ್ನೊಂದು ಕಡೆ ಸೋತರೆ, ಸೋತದ್ದು ಪಿ.ಆರ್.ಪಿ.ಯೋ ತಯಾರಿಸಿದ ವಿಧಾನವೋ ಹೇಳುವುದು ಕಷ್ಟ.

ಇಷ್ಟು ಹೇಳಿದ ಮೇಲೆ ಇದೆಲ್ಲ ಮೋಸ ಎಂದು ನೀವು ತೀರ್ಮಾನಿಸಬಾರದು. ನಾನು ಹಾಗೆ ಹೇಳುತ್ತಿಲ್ಲ. ನಮ್ಮ ಸಮಿತಿಗೆ ಸಲಹೆ ಕೊಡುವ ಸ್ತ್ರೀರೋಗ ತಜ್ಞೆಯೊಬ್ಬರು ತಿಳಿಸಿದ ಮಾತು ತೂಕವುಳ್ಳದ್ದು. ತೆಳು ಒಳಪದರಕ್ಕೆ ನೆಚ್ಚಿಕೊಳ್ಳಬಹುದಾದ ಬೇರೆ ಔಷಧವೂ ಹೆಚ್ಚಿಲ್ಲ. ರಕ್ತ ಅವರದೇ ಆದ್ದರಿಂದ ಒಗ್ಗದಿರುವ ಭಯ ಕಡಿಮೆ. ಎಲ್ಲ ದಾರಿಯೂ ಮುಗಿದವರಿಗೆ, ಗ್ಯಾರಂಟಿ ಇಲ್ಲ ಎಂದು ತಿಳಿಸಿ ಒಮ್ಮೆ ಪ್ರಯತ್ನಿಸುವ ವೈದ್ಯರನ್ನು ಕೆಟ್ಟವರೆನ್ನಲಾಗದು. ಆದರೆ ಗರ್ಭಕೋಶಕ್ಕೆ ಬಿಡುವುದೂ ಅಂಡಾಶಯಕ್ಕೆ ಚುಚ್ಚುವುದೂ ಒಂದೇ ಅಲ್ಲ. ಎರಡನೆಯದಕ್ಕೆ ಅರಿವಳಿಕೆ ಬೇಕಾಗುತ್ತದೆ, ರಕ್ತಸ್ರಾವ, ಸೋಂಕು ಅಪರೂಪವಾದರೂ ಇಲ್ಲವೆನ್ನಲಾಗದು. ಕಾಯಿ ಇನ್ನೂ ಹಣ್ಣಾಗಿಲ್ಲ ಎನ್ನುವುದು ನನ್ನ ತಿಳುವಳಿಕೆ. ಹಣ್ಣಿನ ಬೆಲೆಗೆ ಕಾಯಿ ಮಾರುವುದಕ್ಕೆ ಮಾತ್ರ ನನ್ನ ಆಕ್ಷೇಪ.

ಈ ಶಾಸ್ತ್ರದಲ್ಲಿ ಸಾಕ್ಷ್ಯಕ್ಕೆ ಬೆಲೆ ಕೊಟ್ಟ ದೊಡ್ಡವರೊಬ್ಬರನ್ನು ಇಲ್ಲಿ ನೆನೆಯಬೇಕು, ಬೆಂಗಳೂರಿನ ನಂಟು ಇರುವವರು. 1986ರ ಆಗಸ್ಟ್ 6ರಂದು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಹರ್ಷಾ ಎಂಬ ಮಗು ಹುಟ್ಟಿದಾಗ, ಭಾರತದ ಮೊದಲ ಪ್ರನಾಳ ಶಿಶು ಎಂದು ದೇಶವೇ ಕೊಂಡಾಡಿತು. ಡಾ. ಇಂದಿರಾ ಹಿಂದೂಜಾ ಅವರ ಜೊತೆಗೆ ಅದರ ಹಿಂದೆ ಇದ್ದವರು ಡಾ. ಟಿ.ಸಿ. ಆನಂದಕುಮಾರ್. ಮುಂದೆ ಬೆಂಗಳೂರಿನಲ್ಲಿ ನೆಲೆಸಿ ಸಂತಾನ ಚಿಕಿತ್ಸಾ ಕೇಂದ್ರ ನಡೆಸಿದವರು. ಆದರೆ ಎಂಟು ವರ್ಷ ಮೊದಲೇ, 1978ರ ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿ ಅದನ್ನು ಸಾಧಿಸಿದ್ದರು. ಯಾರೂ ನಂಬಲಿಲ್ಲ, ಸರ್ಕಾರವೇ ಅವರನ್ನು ಹಿಂಸಿಸಿತು, 1981ರಲ್ಲಿ ಅವರು ಪ್ರಾಣ ಕಳೆದುಕೊಂಡರು. 1997ರಲ್ಲಿ ಆನಂದಕುಮಾರ್ ಅವರು ಮುಖರ್ಜಿಯವರ ಟಿಪ್ಪಣಿಗಳನ್ನು ಓದಿ ನೋಡಿ, ಮೊದಲಿಗ ನಾನಲ್ಲ, ಅವರು ಎಂದು ಲೋಕಕ್ಕೆ ಸಾರಿದರು. ತಮ್ಮದೇ ಪಟ್ಟವನ್ನು ಕಾಗದಪತ್ರ ನೋಡಿ ಬಿಟ್ಟುಕೊಟ್ಟ ಮನುಷ್ಯ. ಜಾಹೀರಾತು ನೋಡುವಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಸರಿ, ಅರ್ಜಿಗೆ ಬರೋಣ. ವಿಮೆಯಿಂದ ಏನಾದರೂ ಬರುತ್ತದೆಯೇ ಎಂದು ಮೊದಲು ನೋಡಿದೆವು. ಆರೋಗ್ಯ ವಿಮೆಯ ಪಾಲಿಸಿಗಳಲ್ಲಿ ಐ.ಆರ್.ಡಿ.ಎ.ಐ. ನಿಗದಿಪಡಿಸಿದ ಹೊರಗಿಡುವ ಬಾಬತ್ತುಗಳ ಪಟ್ಟಿ ಇರುತ್ತದೆ. ಮನೆಗೆ ಹೋಗಿ ನಿಮ್ಮ ಪಾಲಿಸಿ ತೆಗೆದು ನೋಡಿ. ಸಂಖ್ಯೆ 16, ಪರಿಣಾಮ ಸಿದ್ಧವಾಗದ ಚಿಕಿತ್ಸೆಗಳು. ಸಂಖ್ಯೆ 17, ಬಂಜೆತನದ ಚಿಕಿತ್ಸೆ. ಎರಡೂ ಅಕ್ಕಪಕ್ಕದಲ್ಲೇ ಇವೆ, ಪಿ.ಆರ್.ಪಿ. ಎರಡರ ನಡುವೆ ಸಿಕ್ಕಿಬೀಳುತ್ತದೆ. ಕೆಲವು ಕಂಪನಿಗಳ ಗುಂಪು ವಿಮೆಯಲ್ಲಿ ಐ.ವಿ.ಎಫ್.ಗೆ ಒಂದಿಷ್ಟು ಕೊಡುವುದುಂಟು, ಕ್ಯಾಬ್ ಓಡಿಸುವವನಿಗೆ ಅದೆಲ್ಲಿ? ಹೀಗಾಗಿ ಪೂರ್ತಿ ಹಣ ಕೈಯಿಂದಲೇ.

ಕಾನೂನು ಮಾತ್ರ ಅವರ ಪರವಾಗಿದೆ. ಸಂತಾನ ಚಿಕಿತ್ಸೆಯ ನಿಯಂತ್ರಣಕ್ಕೆ 2021ರಲ್ಲಿ ಪಾರ್ಲಿಮೆಂಟ್ ಕಾಯ್ದೆ ಮಾಡಿತು, 2022ರ ಜನವರಿ 25ರಿಂದ ಜಾರಿಯಲ್ಲಿದೆ. ಕ್ಲಿನಿಕ್ ನೋಂದಣಿ ಆಗಿರಲೇಬೇಕು. ಗೆಲ್ಲುವ ಸಂಭವ ಎಷ್ಟು, ಅಪಾಯವೇನು, ಖರ್ಚೆಷ್ಟು ಎಂದು ದಂಪತಿಗೆ ತಿಳಿಸಿ ಹೇಳಬೇಕು. ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ದೂರು ಕೇಳುವ ವ್ಯವಸ್ಥೆ ಕ್ಲಿನಿಕ್ಕಿನಲ್ಲೇ ಇರಬೇಕು. ಕಾಯ್ದೆ ಇದ್ದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದಲ್ಲ. 2025ರ ಜುಲೈನಲ್ಲಿ ನಮ್ಮ ಸಿಕಂದರಾಬಾದಿನಲ್ಲೇ ಒಂದು ಕೇಂದ್ರದ ಮೇಲೆ ಪೊಲೀಸರು ದಾಳಿ ಮಾಡಿದ ಸುದ್ದಿ ನೀವೆಲ್ಲ ಓದಿದ್ದೀರಿ. ಅದು ಬಾಡಿಗೆ ತಾಯ್ತನದ ಪ್ರಕರಣ, ಪಿ.ಆರ್.ಪಿ.ಗೂ ಅದಕ್ಕೂ ಸಂಬಂಧವಿಲ್ಲ. ಆದರೂ ನೋಂದಣಿ ಪತ್ರ ತೋರಿಸಿ ಎಂದು ಕೇಳಲು ಸಂಕೋಚ ಪಡುವವರಿಗಾಗಿ ಹೇಳಿದೆ. ಐನೂರು ರೂಪಾಯಿ ಚಿನ್ನದ ಸಾಲದ ಬಡ್ಡಿಗೆ ರಸೀದಿ ಕೇಳುವ ನಾವು ಇಲ್ಲಿ ಯಾಕೆ ಕೇಳಬಾರದು?

ನಾನು ಆ ಹುಡುಗನ ಫೈಲು ತರಿಸಿ ನೋಡಿದೆ. ಬಿಲ್ಲುಗಳು ಅಚ್ಚುಕಟ್ಟಾಗಿದ್ದವು. ಪರೀಕ್ಷೆಗಳ ವರದಿ ಮಾತ್ರ ಕಡಿಮೆ. ತಜ್ಞೆಯವರಿಗೆ ತೋರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆ, ಒಳಪದರ ತೆಳ್ಳಗೆ ಯಾಕಾಯಿತು ಎಂದು ಯಾರಾದರೂ ನೋಡಿದ್ದಾರೆಯೇ? ನಮ್ಮ ದೇಶದಲ್ಲಿ ಇದಕ್ಕೆ ಒಂದು ಮುಖ್ಯ ಕಾರಣ ಗರ್ಭಕೋಶದ ಕ್ಷಯ. ಕ್ಷಯ ಎಂದರೆ ಕೆಮ್ಮು, ಎದೆ ಎಂದಷ್ಟೇ ನಾವು ತಿಳಿದಿದ್ದೇವೆ. ಅದು ಸದ್ದಿಲ್ಲದೆ ಗರ್ಭನಾಳವನ್ನೂ ಒಳಪದರವನ್ನೂ ಹಾಳು ಮಾಡಬಲ್ಲದು, ಜ್ವರವೂ ಇರಲಿಕ್ಕಿಲ್ಲ, ನೋವೂ ಇರಲಿಕ್ಕಿಲ್ಲ. ಹಿಂದೆ ಗರ್ಭಪಾತವಾಗಿ ಒಳಗೆ ಶುಚಿ ಮಾಡಿದ್ದರೆ ಗಾಯದ ಅಂಟು ಉಳಿದಿರಬಹುದು. ದುರ್ಬೀನು ಹಾಕಿ ಒಳಗೆ ನೋಡಿ, ಚೂರು ತೆಗೆದು ಪರೀಕ್ಷೆಗೆ ಕಳಿಸಿದರೆ ಬಹಳಷ್ಟು ತಿಳಿಯುತ್ತದೆ. ಕ್ಷಯ ಎಂದು ಖಚಿತವಾದರೆ ಔಷಧ ಸರ್ಕಾರದ ಕಡೆಯಿಂದ ಉಚಿತ, ಮೇಲೆ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ನೇರ ಖಾತೆಗೆ ಬರುತ್ತದೆ. ಒಳಗೆ ಕ್ಷಯ ಇಟ್ಟುಕೊಂಡು ಮೇಲೆ ಪಿ.ಆರ್.ಪಿ. ಬಿಟ್ಟರೆ, ತಳ ತೂತಾದ ಕೊಡಕ್ಕೆ ನೀರು ತುಂಬಿದ ಹಾಗೆ.

ಇನ್ನೊಂದು ಮಾತು, ಗಂಡಸರು ಸಿಟ್ಟಾಗಬೇಡಿ. ಮಕ್ಕಳಾಗದ ದಂಪತಿಗಳಲ್ಲಿ ಅರ್ಧದ ಹತ್ತಿರ ಪ್ರಕರಣಗಳಲ್ಲಿ ಗಂಡನ ಕಡೆಯ ಕಾರಣವೂ ಇರುತ್ತದೆ. ಈ ಫೈಲಿನಲ್ಲಿ ಆಕೆಯ ವರದಿ ಹದಿನಾಲ್ಕು, ಅವನದು ಒಂದು, ಅದೂ ಆರು ವರ್ಷ ಹಿಂದಿನದು.

ಸಮಿತಿಯಲ್ಲಿ ಒಮ್ಮತ ಇರಲಿಲ್ಲ. ನಮ್ಮ ಒಬ್ಬ ಮಹಿಳಾ ಸದಸ್ಯರು ಬಹಳ ಸರಿಯಾದ ಮಾತು ಹೇಳಿದರು. ನಾವು ಕೊಡದಿದ್ದರೆ ಅವರು ಸುಮ್ಮನಾಗುವುದಿಲ್ಲ, ಉಳಿದ ಎರಡು ಬಳೆಯನ್ನೂ ಅಡವಿಟ್ಟು ಮಾಡಿಸುತ್ತಾರೆ, ಆಗ ನಮ್ಮ ವಿವೇಕದಿಂದ ಯಾರಿಗೆ ಉಪಕಾರವಾಯಿತು? ಎದುರಿಗೆ ಕೂತಿದ್ದ ಆ ಹುಡುಗಿಯೂ ನನ್ನನ್ನೇ ಕೇಳಿದಳು, “ಕಾಕಾ, ನಿಮ್ಮ ಮಗಳಿಗೇ ಹಿಂಗಾಗಿದ್ರ ನೀವ್ ಏನ್ ಮಾಡ್ತಿದ್ರಿ?” ಸಾಲ ವಿಭಾಗದಲ್ಲಿ ಇಷ್ಟು ವರ್ಷದಲ್ಲಿ ಯಾರೂ ಅಂಥ ಪ್ರಶ್ನೆ ಕೇಳಿರಲಿಲ್ಲ. “ಮೊದಲು ಯಾಕ್ ತೆಳ್ಳಗಾಗೇದ ಅಂತ ನೋಡಸ್ತಿದ್ದೆ, ತಂಗಿ. ಆಮ್ಯಾಲೆ ಡಾಕ್ಟರ್ ಹತ್ರ ಬರದು ಕೊಡ್ರಿ ಅಂತ ಕೇಳ್ತಿದ್ದೆ” ಎಂದೆ.

ಕೊನೆಗೆ ಸಮಿತಿ ಹೀಗೆ ತೀರ್ಮಾನಿಸಿತು. ಪಿ.ಆರ್.ಪಿ. ಬಾಬತ್ತಿಗೆ ನಿಧಿಯಿಂದ ಹಣ ಇಲ್ಲ. ಅದರ ಬದಲು, ಎರಡನೆಯ ತಜ್ಞರ ಸಲಹೆ, ದುರ್ಬೀನು ಪರೀಕ್ಷೆ, ಕ್ಷಯದ ಪರೀಕ್ಷೆ, ಥೈರಾಯ್ಡ್, ಗಂಡನ ವೀರ್ಯ ಪರೀಕ್ಷೆ, ಇಷ್ಟಕ್ಕೂ ಪೂರ್ತಿ ಖರ್ಚು ನಮ್ಮದು. ಹಣ ನೇರ ಆಸ್ಪತ್ರೆಗೆ, ಪ್ರಯೋಗಾಲಯಕ್ಕೆ. ಇವೆಲ್ಲ ಆದ ಮೇಲೆ ಮೂರನೆಯ ಐ.ವಿ.ಎಫ್. ಬೇಕೆಂದು ತಜ್ಞರು ಹೇಳಿದರೆ ಅದಕ್ಕೆ ಹೊಸ ಅರ್ಜಿ ತೆಗೆದುಕೊಳ್ಳುತ್ತೇವೆ. ಸರ್ಕಾರದ ಕಡೆ, ಗಾಂಧಿ ಆಸ್ಪತ್ರೆಯಲ್ಲಿ 2023ರ ಅಕ್ಟೋಬರಿನಲ್ಲಿ ಸಂತಾನ ಚಿಕಿತ್ಸಾ ಕೇಂದ್ರ ಉದ್ಘಾಟನೆಯಾಗಿದೆ. ಅಲ್ಲಿ ಯಾವ ಯಾವ ಚಿಕಿತ್ಸೆ ಸಿಗುತ್ತದೆ ಎಂದು ಹೋಗಿ ವಿಚಾರಿಸಿಕೊಂಡು ಬರಲು ನಮ್ಮ ಸ್ವಯಂಸೇವಕರೊಬ್ಬರು ಜೊತೆಗೆ ಹೋದರು. ಪರೀಕ್ಷೆಗಳಲ್ಲಿ ಏನು ಬಂತು ಎಂಬುದು ಅವರ ಮನೆಯ ವಿಷಯ, ಇಲ್ಲಿ ಹೇಳುವುದಿಲ್ಲ. ಚಿಕಿತ್ಸೆ ನಡೆಯುತ್ತಿದೆ. ಬಳೆ ಇನ್ನೂ ಆಕೆಯ ಕೈಯಲ್ಲೇ ಇದೆ.

ನಿಮ್ಮ ಮನೆಯಲ್ಲಿ, ಬಳಗದಲ್ಲಿ ಯಾರಿಗಾದರೂ ಇದನ್ನು ಸೂಚಿಸಿದರೆ ಬೇಡ ಎಂದು ಹೇಳಲು ನಾನು ಯಾರು? ಆದರೆ ಕೇಳಿ. ನನಗೆ ಯಾವ ಕಾರಣಕ್ಕೆ ಇದು ಬೇಕು? ನಿಮ್ಮ ಕ್ಲಿನಿಕ್ಕಿನಲ್ಲಿ ನನ್ನ ವಯಸ್ಸಿನವರಿಗೆ ಪಿ.ಆರ್.ಪಿ. ಮಾಡಿದಾಗ ಎಷ್ಟು ಮಕ್ಕಳು ಹುಟ್ಟಿದವು, ಮಾಡದಿದ್ದಾಗ ಎಷ್ಟು? ಬಸುರಿನ ಲೆಕ್ಕವಲ್ಲ, ಮಗುವಿನ ಲೆಕ್ಕ. ಇದು ಐ.ವಿ.ಎಫ್. ಪ್ಯಾಕೇಜಿನ ಒಳಗೋ ಹೊರಗೋ? ಸಂಶೋಧನೆಯ ಭಾಗವಾಗಿ ಮಾಡುತ್ತಿದ್ದರೆ ನನ್ನಿಂದ ಹಣ ಯಾಕೆ? ಒಳ್ಳೆಯ ಡಾಕ್ಟರು ಈ ಪ್ರಶ್ನೆಗಳಿಗೆ ಬೇಸರ ಪಡುವುದಿಲ್ಲ, ನಾನು ಕಂಡ ಇಬ್ಬರು ಸಂತೋಷವನ್ನೇ ಪಟ್ಟರು.

ಪ್ಲೇಟ್‌ಲೆಟ್ ಮಾತು ಬಂದದ್ದರಿಂದ ಇನ್ನೊಂದು ವಿನಂತಿ. ಪಿ.ಆರ್.ಪಿ.ಗೆ ಅವರವರ ರಕ್ತವೇ ಸಾಕು, ದಾನಿ ಬೇಕಿಲ್ಲ. ಆದರೆ ಡೆಂಗಿಯಲ್ಲಿ ರಕ್ತಸ್ರಾವವಾಗುವವರಿಗೆ, ಕ್ಯಾನ್ಸರ್ ಔಷಧ ತೆಗೆದುಕೊಳ್ಳುವ ಮಕ್ಕಳಿಗೆ ಬೇಕಾಗುವ ಪ್ಲೇಟ್‌ಲೆಟ್ ಬೇರೆಯವರೇ ಕೊಡಬೇಕು. ಅದರಲ್ಲಿ ಅನುಮಾನಕ್ಕೆ ಎಡೆಯಿಲ್ಲ, ಹೋಗುವ ಜೀವ ಉಳಿಯುತ್ತದೆ. ತೆಗೆದ ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ, ಆದ್ದರಿಂದ ರಕ್ತನಿಧಿಯಲ್ಲಿ ದಾಸ್ತಾನು ಎಂಬುದೇ ಇರುವುದಿಲ್ಲ. ಫೋನ್ ಮಾಡಿದಾಗ ಬರುವ ಮನುಷ್ಯರೇ ದಾಸ್ತಾನು. 18ರಿಂದ 60 ವರ್ಷದ, 50 ಕಿಲೋಗಿಂತ ಹೆಚ್ಚು ತೂಕದ, ಆರೋಗ್ಯವಾಗಿರುವ ತರುಣ ತರುಣಿಯರು ದಯವಿಟ್ಟು ಹೆಸರು ಕೊಡಿ. ಯಂತ್ರದ ಪಕ್ಕ ಒಂದೂವರೆ ಗಂಟೆ ಕೂರಬೇಕು, ಕೆಂಪು ರಕ್ತ ನಿಮಗೇ ವಾಪಸು ಬರುತ್ತದೆ. ಮೂರು ದಿನದ ಒಳಗೆ ಆಸ್ಪಿರಿನ್ ತೆಗೆದುಕೊಂಡಿರಬಾರದು. ಕಳೆದ ಮಳೆಗಾಲದಲ್ಲಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಾಗ ನಮ್ಮ ಪಟ್ಟಿಯಲ್ಲಿದ್ದವರಲ್ಲಿ ಅರ್ಧ ಜನ ಊರಲ್ಲಿರಲಿಲ್ಲ. ಪಟ್ಟಿ ಉದ್ದವಾಗಬೇಕು.

ಇನ್ನು ಹಣದ ಮಾತು. ನಾನಿಲ್ಲಿ ನಿಂತದ್ದೇ ಅದಕ್ಕೆ. ಪರೀಕ್ಷೆಗೆ ಕೊಡುವ ಹಣ ಕಣ್ಣಿಗೆ ಕಾಣುವುದಿಲ್ಲ, ಆಪರೇಷನ್ನಿಗೆ ಕೊಟ್ಟೆವು ಎಂದು ಹೇಳಿಕೊಳ್ಳುವ ತೃಪ್ತಿಯೂ ಇಲ್ಲ. ಆದರೂ ಈ ವರ್ಷ ನಿಧಿಯಲ್ಲಿ ಎರಡನೆಯ ಸಲಹೆ ಮತ್ತು ಪರೀಕ್ಷೆಗಳಿಗೆಂದೇ ಪ್ರತ್ಯೇಕ ಲೆಕ್ಕ ತೆರೆಯಬೇಕೆಂದು ಸಮಿತಿ ನಿರ್ಧರಿಸಿದೆ, ಸಂತಾನ ಚಿಕಿತ್ಸೆಗೆ ಮಾತ್ರವಲ್ಲ, ಎಲ್ಲ ಕಾಯಿಲೆಗೂ. ಅದಕ್ಕೆ ನಿಮ್ಮ ನೆರವು ಬೇಕು. ದಯವಿಟ್ಟು ಚೆಕ್ಕಿನಲ್ಲೋ ಖಾತೆಗೋ ಹಾಕಿ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ 80ಜಿ ಅಡಿಯಲ್ಲಿ ವಿನಾಯಿತಿ ಸಿಗುವುದಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ ಆ ವಿನಾಯಿತಿ, ಇದನ್ನೂ ಗಮನದಲ್ಲಿಡಿ. ಪ್ಯಾನ್ ಸಂಖ್ಯೆ ಬರೆಯಲು ಮರೆಯಬೇಡಿ, ಇಲ್ಲದಿದ್ದರೆ ಪ್ರಮಾಣಪತ್ರ ಕಳಿಸಲು ನಮ್ಮ ಖಜಾಂಚಿಯವರು ಮೇ ತಿಂಗಳಲ್ಲಿ ನಿಮ್ಮ ಹಿಂದೆ ಅಲೆಯಬೇಕಾಗುತ್ತದೆ. ಅರ್ಜಿ ನಮೂನೆಗಳು, ಪ್ಲೇಟ್‌ಲೆಟ್ ದಾನಿಗಳ ಪಟ್ಟಿ ಎರಡೂ ಬಾಗಿಲ ಬಳಿಯ ಮೇಜಿನ ಮೇಲಿವೆ. ಊಟಕ್ಕೆ ಏಳುವ ಮೊದಲು ಒಮ್ಮೆ ಆ ಕಡೆ ಬನ್ನಿ.